ಎಂ-ಸ್ಯಾಂಡ್ ಮಿಶ್ರಣ ಯಾರ್ಡ್: ರಾಶಿ ಕಟ್ಟುವುದರಲ್ಲಿ ಗಟ್ಟಿಗರು, ತೆಗೆಯುವುದರಲ್ಲಿ ಇನ್ನೂ ಪಳಗಬೇಕು

ಬೆಂಗಳೂರಿನ ಆರ್‌ಎಂಸಿ ಪ್ಲಾಂಟ್‌ಗಳಲ್ಲಿ (ಕಾಂಕ್ರೀಟ್ ಕಲಸಿ ಸಿದ್ಧವಾಗಿ ಕಳಿಸುವ ಘಟಕಗಳಲ್ಲಿ) ಮತ್ತೆ ಮತ್ತೆ ಕೇಳುವ ಮಾತೊಂದಿದೆ. ಮಿಕ್ಸ್ ಡಿಸೈನ್ ಅದೇ, ಸಿಮೆಂಟ್ ಅದೇ, ಅಡ್‌ಮಿಕ್ಸ್ಚರ್ (ಜೊತೆಗೆ ಹಾಕುವ ರಾಸಾಯನಿಕ) ಅದೇ, ಆದರೂ ಇವತ್ತು ಸ್ಲಂಪ್ (ಹಸಿ ಕಾಂಕ್ರೀಟ್ ಎಷ್ಟು ಸಡಿಲ ಎಂಬ ಅಳತೆ) ನಿಲ್ಲುತ್ತಿಲ್ಲ. ಇಂಥ ದಿನ ಮೊದಲು ನೋಡಬೇಕಾದದ್ದು ಮರಳಿನ ಬಿನ್, ಅಂದರೆ ಎಂ-ಸ್ಯಾಂಡ್ (ಕ್ರಶರ್‌ನಲ್ಲಿ ಕಲ್ಲು ಪುಡಿಮಾಡಿ ತೆಗೆದ ಮರಳು) ತುಂಬಿಟ್ಟ ತೊಟ್ಟಿ. ನಿನ್ನೆಯ ಲೋಡು ರಾಮನಗರ ಕಡೆಯದು, ಇವತ್ತಿನದು ಜಿಗಣಿ ಕಡೆಯದು. ಅಲ್ಲಿಯದು ದಪ್ಪ ಹರಳಿನ ಕ್ಲೋಸ್‌ಪೇಟೆ ಗ್ರಾನೈಟ್, ಇಲ್ಲಿಯದು ಲಾಲ್‌ಬಾಗ್ ಬಂಡೆಯ ಜಾತಿಯ ನೈಸ್ (gneiss) ಎಂಬ ಶಿಲೆ. ಕಲ್ಲು ಬೇರೆಯಾದದ್ದು ಹಾಗಿರಲಿ, ಒಂದೇ ಕ್ರಶರ್‌ನಲ್ಲೂ ಜರಡಿಯ ಬಲೆ ಸವೆದಾಗ, ತೊಳೆಯುವ ನೀರು ಕಡಿಮೆಯಾದಾಗ ಬೆಳಿಗ್ಗೆಯ ಮರಳು ಸಂಜೆಗೆ ಸಿಗುವುದಿಲ್ಲ.

ಈ ಏರುಪೇರನ್ನು ಪ್ಲಾಂಟ್‌ಗೆ ಬರುವ ಮೊದಲೇ ಇಳಿಸಿ ಕೊಡುತ್ತೇವೆ ಎನ್ನುವ ಸೇವೆ ಮಾಗಡಿ ರಸ್ತೆಯ ಕಡೆ, ನಗರದ ಅಂಚಿನ ಒಂದು ಯಾರ್ಡಿನಲ್ಲಿ ನಡೆಯುತ್ತಿದೆ. ಹಲವು ಕ್ರಶರ್‌ಗಳ ಎಂ-ಸ್ಯಾಂಡ್ ತರಿಸಿಕೊಂಡು, ಪದರ ಪದರವಾಗಿ ಉದ್ದನೆಯ ರಾಶಿ ಕಟ್ಟಿ, ಅದನ್ನು ಅಡ್ಡಲಾಗಿ ಕತ್ತರಿಸಿ ತೆಗೆದು ಮಾರುತ್ತಾರೆ. ಸಿಮೆಂಟ್ ಕಾರ್ಖಾನೆಗಳು ಸುಣ್ಣಕಲ್ಲಿಗೆ, ಉಕ್ಕಿನ ಕಾರ್ಖಾನೆಗಳು ಅದಿರಿಗೆ ಬಹುಕಾಲದಿಂದ ಮಾಡುತ್ತಾ ಬಂದ ಕೆಲಸವೇ ಇದು. ಮರಳಿಗೆ ಇದನ್ನು ಮಾಡುವುದು ಒಳ್ಳೆಯ ಯೋಚನೆ, ಬೇಕಾಗಿದ್ದ ಸೇವೆ. ಆದರೆ ಕೆಲಸದ ಮೊದಲರ್ಧಕ್ಕೆ ಕೊಟ್ಟ ಗಮನವನ್ನು ಎರಡನೆಯ ಅರ್ಧಕ್ಕೆ ಕೊಟ್ಟಿಲ್ಲ. ಆರ್ಡರ್ ಕೊಡುವವರು ಎಲ್ಲಿ ಪಟ್ಟು ಹಿಡಿಯಬೇಕು ಎಂಬುದನ್ನು ತಿಳಿಸಲೆಂದೇ ಈ ವಿಮರ್ಶೆ ಇಷ್ಟು ಉದ್ದವಾಗಿದೆ.

ಟಿಪ್ಪರ್ ಮೊದಲು ವೇಬ್ರಿಡ್ಜ್ ಮೇಲೆ ನಿಲ್ಲುತ್ತದೆ, ಆಮೇಲೆ ಹಾಪರ್‌ಗೆ ಸುರಿಯುತ್ತದೆ. ಹಾಪರ್ ಬಾಯಿಗೆ ಕಬ್ಬಿಣದ ಸರಳುಗಳ ಜಾಲರಿ ಇದೆ. ಕಲ್ಲು, ಬೇರು, ಚೀಲದ ಚೂರು ಅಲ್ಲೇ ನಿಲ್ಲುತ್ತವೆ. ಯಾವ ಕ್ರಶರ್‌ನದು ಎಷ್ಟು ಟಿಪ್ಪರ್ ಎಂಬುದನ್ನು ಬಾಯಿಮಾತಿನಲ್ಲಿ ನಡೆಸದೆ ಹಲಗೆಯ ಮೇಲೆ ಬರೆದಿಟ್ಟಿರುತ್ತಾರೆ. ಇದು ಮೆಚ್ಚಬೇಕಾದ ಸಂಗತಿ. ಲೆಕ್ಕ ಕಷ್ಟದ್ದೇನಲ್ಲ. ಒಂದು ಮರಳಿನ ಫೈನ್‌ನೆಸ್ ಮಾಡ್ಯುಲಸ್ (ಕಾಳಿನ ದಪ್ಪ ಹೇಳುವ ಅಂಕಿ, ಹೆಚ್ಚಿದಷ್ಟೂ ದಪ್ಪ) 3.2, ಇನ್ನೊಂದರದು 2.5, ಬೇಕಾದದ್ದು 2.8 ಎಂದಿಟ್ಟುಕೊಳ್ಳಿ. ಮೊದಲನೆಯದು ಮೂರು ಪಾಲು, ಎರಡನೆಯದು ನಾಲ್ಕು ಪಾಲು ಹಾಕಿದರೆ ಸರಿಹೊಂದುತ್ತದೆ. ಒಂದೇ ಅಳತೆಯ ಟಿಪ್ಪರ್ ಆದರೆ ಮೂರು ಟಿಪ್ಪರ್‌ಗೆ ನಾಲ್ಕು ಟಿಪ್ಪರ್. ಮೂರನ್ನೂ ಒಟ್ಟಿಗೆ ಸುರಿದು ಆಮೇಲೆ ನಾಲ್ಕನ್ನು ಸುರಿಯದೆ ಒಂದು ಬಿಟ್ಟು ಒಂದು ಬರುವಂತೆ ಸಾಲು ಹಚ್ಚುತ್ತಾರೆ. ಕ್ರಶರ್ ಕಡೆಯ ಲಾರಿ ತಡವಾದಾಗ ಮಾತ್ರ ಈ ಸಾಲು ಮುರಿಯುತ್ತದೆ. ಆಗ ಬಂದದ್ದನ್ನು ಬಂದ ಹಾಗೆ ಸುರಿಯದೆ ಪಕ್ಕದಲ್ಲಿ ಸಣ್ಣ ಗುಡ್ಡೆ ಹಾಕಿಟ್ಟುಕೊಂಡು ಕಾಯುವ ಜಾಗ ಯಾರ್ಡಿನಲ್ಲಿ ಇದ್ದೇ ಇದೆ. ಅದನ್ನು ತಪ್ಪದೆ ಬಳಸಿದರೆ ಸಾಕು.

ಹಾಪರ್‌ನಿಂದ ಬೆಲ್ಟ್ ಮೇಲೆ ಹೊರಟ ಮರಳು ರೇಡಿಯಲ್ ಸ್ಟ್ಯಾಕರ್ ತುದಿಯಿಂದ ಬೀಳುತ್ತದೆ. ಸ್ಟ್ಯಾಕರ್ ಎಂದರೆ ಒಂದು ತುದಿ ನೆಲಕ್ಕೆ ಕಚ್ಚಿಕೊಂಡು, ಚಕ್ರದ ಮೇಲೆ ಬಿಲ್ಲಿನಂತೆ ಅತ್ತಿತ್ತ ಓಡಾಡುವ ಉದ್ದನೆಯ ಕನ್ವೇಯರ್. ಬೂಮಿನ, ಅಂದರೆ ಆ ಕನ್ವೇಯರ್ ತೋಳಿನ, ತುದಿ ಬುಡದಿಂದ 32 ಮೀಟರ್ ದೂರದಲ್ಲಿದ್ದು ಕಾಲು ಸುತ್ತು ತಿರುಗಿದರೆ ಸುಮಾರು 50 ಮೀಟರ್ ಉದ್ದದ ರಾಶಿ ಸಿಗುತ್ತದೆ. ಎಡಕ್ಕೊಂದು, ಬಲಕ್ಕೊಂದು ರಾಶಿ; ಒಂದನ್ನು ಕಟ್ಟುವಾಗ ಇನ್ನೊಂದರಿಂದ ಮಾರಾಟ. ಕಟ್ಟುತ್ತಿರುವ ರಾಶಿಗೆ ಲೋಡರ್ ಬಾಯಿ ಹಾಕುವುದಿಲ್ಲ. ಮಿಶ್ರಣದ ಯಾರ್ಡಿಗೆ ಇದು ಮೊದಲ ನಿಯಮ, ಇಲ್ಲಿ ಅದನ್ನು ಪಾಲಿಸುತ್ತಾರೆ.

ಪದರ ಎಷ್ಟು ಬೀಳುತ್ತದೆ ನೋಡಿ. ರಾಶಿಯ ಎತ್ತರ 5 ಮೀಟರ್, ಮರಳು ತಾನಾಗಿ ನಿಲ್ಲುವ ಇಳಿಜಾರು 36 ಡಿಗ್ರಿ ಎಂದರೆ ಬುಡದ ಅಗಲ 14 ಮೀಟರ್‌ಗೆ ಹತ್ತಿರ. 50 ಮೀಟರ್ ಉದ್ದಕ್ಕೆ ಘನ ಮೀಟರಿಗೆ 1.6 ಟನ್ನಿನ ಲೆಕ್ಕದಲ್ಲಿ 2,750 ಟನ್. ಎರಡು ಕೊನೆಗಳ ಅರ್ಧ ಶಂಕುಗಳು ಸೇರಿ ಇನ್ನೊಂದು 400 ಟನ್. ಬೆಲ್ಟ್ ಗಂಟೆಗೆ 100 ಟನ್ ಸುರಿಯುತ್ತಾ ನಿಮಿಷಕ್ಕೆ 10 ಮೀಟರ್ ಸರಿದರೆ ಒಂದು ಓಟಕ್ಕೆ ಐದು ನಿಮಿಷ, ಅಂದರೆ ಎಂಟು ಟನ್ ಚಿಲ್ಲರೆ. ರಾಶಿ ಮುಗಿಯುವಷ್ಟರಲ್ಲಿ ಮುನ್ನೂರಕ್ಕೂ ಹೆಚ್ಚು ಪದರ. ಪದರಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬಿದ್ದರೆ ಏರುಪೇರನ್ನು ಪದರ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದಷ್ಟಕ್ಕೆ ಅದು ಇಳಿಯುತ್ತದೆ: 100 ಪದರವಿದ್ದರೆ ಹತ್ತನೆಯ ಒಂದು ಭಾಗಕ್ಕೆ. ಅದು ಪುಸ್ತಕದ ಲೆಕ್ಕ. ಇಲ್ಲಿ 18 ಟನ್ನಿನ ಒಂದು ಟಿಪ್ಪರ್ ಎರಡು ಪದರ ಹಾಸುತ್ತದೆ, ಒಂದೇ ದಿನ ಒಂದೇ ಕ್ರಶರ್‌ನಿಂದ ಬಂದವು ಅಣ್ಣತಮ್ಮಂದಿರಂತೆ ಇರುತ್ತವೆ. ಆದ್ದರಿಂದ ಮುನ್ನೂರು ಪದರ ಎಂದು ಯಾರ್ಡಿನವರು ಹೇಳಿದರೆ ಅಷ್ಟನ್ನೂ ಲಾಭಕ್ಕೆ ಬರೆದುಕೊಳ್ಳಬೇಡಿ. ಹಾಗಿದ್ದರೂ ಇಲ್ಲಿಯ ವೇಗ ಸರಿಯಾಗಿದೆ. ನಿಧಾನವಾಗಿ ಓಡಿಸಿ ಒಂದು ಓಟಕ್ಕೆ ಎರಡು ಟಿಪ್ಪರ್ ಹಿಡಿಯುವಂತಿದ್ದರೆ ಬೇರೊಂದು ತೊಂದರೆ ಹುಟ್ಟುತ್ತಿತ್ತು. ಹೋಗುವಾಗ ಎಡ ಅರ್ಧಕ್ಕೆ ದಪ್ಪ ಮರಳು, ಬಲ ಅರ್ಧಕ್ಕೆ ನಯ ಮರಳು. ಬರುವಾಗ ಮೊದಲು ನಯ, ಆಮೇಲೆ ದಪ್ಪ. ಲಾರಿ ಸಾಲು ಹೀಗೆ ಬಿದ್ದುಬಿಟ್ಟರೆ ರಾಶಿಯ ಎಡಕ್ಕೆಲ್ಲ ಒಂದು ಮರಳು, ಬಲಕ್ಕೆಲ್ಲ ಇನ್ನೊಂದು. ಪದರ ಎಣಿಸಿದರೆ ನೂರಿರುತ್ತದೆ, ಮಿಶ್ರಣ ಮಾತ್ರ ಆಗಿರುವುದಿಲ್ಲ.

ಬೂಮಿನ ತುದಿಯನ್ನು ರಾಶಿಯ ನೆತ್ತಿಯಿಂದ ಒಂದು ಮೀಟರ್‌ನೊಳಗೇ ಇಟ್ಟುಕೊಂಡು, ರಾಶಿ ಏರಿದ ಹಾಗೆ ಎತ್ತುತ್ತಾ ಹೋಗುತ್ತಾರೆ. ಮೇಲಿನಿಂದ ಸುರಿದಷ್ಟೂ ದಪ್ಪ ಕಾಳು ಉರುಳಿ ಬುಡ ಸೇರುತ್ತದೆ, ನಯ ಪುಡಿ ನಡುವೆ ಉಳಿಯುತ್ತದೆ. ಕಣದಲ್ಲಿ ರಾಶಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೇವದ ವಿಷಯದಲ್ಲೂ ಇಲ್ಲಿಯವರಿಗೆ ತಿಳಿವಳಿಕೆ ಇದೆ. ತೀರಾ ಒಣಗಿದ ಮರಳು ಬಂದರೆ ಹಾಪರ್ ಮೇಲೆ ನೀರಿನ ಸ್ಪ್ರೇ ಬಿಡುತ್ತಾರೆ. ಧೂಳು ಏಳದಿರಲಿ ಎಂಬುದೊಂದೇ ಕಾರಣವಲ್ಲ. ಹಸಿ ಅಂಶ ನೂರಕ್ಕೆ ಮೂರು ನಾಲ್ಕರಷ್ಟಿದ್ದರೆ ಪುಡಿ ದಪ್ಪ ಕಾಳಿಗೆ ಅಂಟಿಕೊಂಡೇ ಬೀಳುತ್ತದೆ, ಬೇರ್ಪಡುವುದು ಕಡಿಮೆಯಾಗುತ್ತದೆ. ಹಸಿ ಹೆಚ್ಚಾದರೆ ನಯ ಪುಡಿ ಬೆಲ್ಟಿಗೆ ಮೆತ್ತಿ ವಾಪಸ್ ಹೋಗುತ್ತದೆ. ತುದಿಯ ರಾಟೆಯ ಕೆಳಗಿನ ಸ್ಕ್ರೇಪರ್ ಬ್ಲೇಡ್ ಸವೆದಿದ್ದರೆ ಆ ಪುಡಿಯೆಲ್ಲ ಬೂಮಿನ ಕೆಳಗೆ ಉದ್ದಕ್ಕೂ ಉದುರಿ ಸಣ್ಣ ದಿಬ್ಬ ಕಟ್ಟುತ್ತದೆ. ಯಾರ್ಡಿಗೆ ಹೋದವರು ಮೊದಲು ಬೂಮಿನ ಕೆಳಗಿನ ನೆಲ ನೋಡಬೇಕು. ಅಲ್ಲಿ ಪುಡಿಯ ಗೆರೆ ಕಂಡರೆ ನಿಮ್ಮ ಮರಳಿನಲ್ಲಿ ಇರಬೇಕಾದ 150 ಮೈಕ್ರಾನ್ ಕೆಳಗಿನ ಪಾಲು ನೆಲದ ಮೇಲೆ ಬಿದ್ದಿದೆ ಎಂದೇ ಅರ್ಥ. ಇಲ್ಲಿ ಆ ಗೆರೆ ತೆಳುವಾಗಿ ಇದೆ, ಚಿಂತೆ ಮಾಡುವಷ್ಟಿಲ್ಲ.

ರಾಶಿ ಕಟ್ಟುವ ಬಗೆ ಒಂದೇ: ನೆತ್ತಿಯ ಗೆರೆಯ ಮೇಲೇ ಅತ್ತಿತ್ತ ಸುರಿಯುವುದು. ಇದಕ್ಕೆ ಶೆವ್ರಾನ್ ಎನ್ನುತ್ತಾರೆ. ಬೂಮನ್ನು ಒಳಗೆ ಹೊರಗೆ ಚಾಚುವ ಟೆಲಿಸ್ಕೋಪಿಕ್ ಸ್ಟ್ಯಾಕರ್ ಇದ್ದರೆ ಪಕ್ಕಪಕ್ಕದಲ್ಲಿ ಸಣ್ಣ ಸಣ್ಣ ಏರಿಗಳನ್ನು ಹಾಕಿ, ಅವುಗಳ ನಡುವಿನ ಹಳ್ಳದಲ್ಲಿ ಮೇಲಿನ ಸಾಲು ಬರುವಂತೆ ಕಟ್ಟಬಹುದು. ಉರುಳುವ ದೂರ ಕಡಿಮೆ, ಬೇರ್ಪಡುವಿಕೆಯೂ ಕಡಿಮೆ. ಅದು ವಿಂಡ್‌ರೋ ಪದ್ಧತಿ. ಮರಳಿಗೆ ಶೆವ್ರಾನ್ ಸಾಕು, ಆದರೆ ತೆಗೆಯುವ ಕೆಲಸ ಸರಿಯಾಗಿದ್ದರೆ ಮಾತ್ರ.

ಈ ಯಾರ್ಡು ಎಡವುವುದು ಅಲ್ಲೇ. ಚಿರೋಟಿಯನ್ನು ಮೇಲಿನಿಂದ ಬಿಡಿಸಿದರೆ ಕೈಗೆ ಒಂದೇ ಪದರ ಬರುತ್ತದೆ, ಅಡ್ಡಲಾಗಿ ಮುರಿದರೆ ಎಲ್ಲ ಪದರವೂ ಬರುತ್ತದೆ. ರಾಶಿಯೂ ಹಾಗೆಯೇ. ಒಂದು ಕೊನೆಯಿಂದ ಶುರುಮಾಡಿ, ಬುಡದ ಎಡ ಅಂಚಿನಿಂದ ಬಲ ಅಂಚಿನವರೆಗೆ ಇಡೀ ಮುಖವನ್ನು ಏಕಕಾಲಕ್ಕೆ ಕೆರೆದಾಗ ಮಾತ್ರ ಮುನ್ನೂರು ಪದರವೂ ಒಟ್ಟಿಗೆ ಕೆಳಗೆ ಬರುತ್ತವೆ. ದೊಡ್ಡ ಸಿಮೆಂಟ್ ಕಾರ್ಖಾನೆಗಳಲ್ಲಿ ಇದಕ್ಕೆ ಬ್ರಿಡ್ಜ್ ರಿಕ್ಲೇಮರ್ ಇರುತ್ತದೆ. ರಾಶಿಯ ಅಗಲಕ್ಕೂ ಸೇತುವೆ, ಅದರ ಮೇಲೆ ಮುಖಕ್ಕೆ ಒರಗಿ ಅತ್ತಿತ್ತ ಆಡುವ ಹಲ್ಲುಗಳ ಚೌಕಟ್ಟು, ಕೆಳಗೆ ಜಾರಿದ್ದನ್ನು ಎಳೆದೊಯ್ಯುವ ಸರಪಳಿ. ಅಂಥ ಯಂತ್ರದ ಬೆಲೆ ಮರಳಿನ ಯಾರ್ಡಿಗೆ ಎಟುಕುವಂಥದ್ದಲ್ಲ, ಅದನ್ನು ಕೇಳುವುದು ನ್ಯಾಯವೂ ಅಲ್ಲ. ಇಲ್ಲಿ ಇರುವುದು ವೀಲ್ ಲೋಡರ್, ಬಕೆಟ್ಟಿಗೆ ಸುಮಾರು ಮೂರು ಟನ್. ಲೋಡರ್‌ನಿಂದಲೂ ಈ ಕೆಲಸ ಆಗುತ್ತದೆ. ಡ್ರೈವರ್‌ಗೆ ಎಲ್ಲಿಂದ ಎಷ್ಟು ಎಂದು ಹೇಳಿರಬೇಕು ಅಷ್ಟೆ.

ಯಾರ್ಡಿನವರು ಹೇಳುವ ಪದ್ಧತಿ ಕೇಳಲು ಚೆನ್ನಾಗಿದೆ. 14 ಮೀಟರ್ ಮುಖವನ್ನು ಆರು ಪಟ್ಟಿ ಮಾಡಿ, ಪಟ್ಟಿಗೊಂದರಂತೆ ಆರು ಬಕೆಟ್ ಒಂದು ಟಿಪ್ಪರ್‌ಗೆ. ಮುಖ ಚೌಕವಾಗಿದ್ದರೆ ಇದು ಸರಿ. ಆದರೆ ಮುಖ ತ್ರಿಕೋನ. ಅರ್ಧ ಅಗಲವನ್ನು ಮೂರು ಸಮಪಟ್ಟಿ ಮಾಡಿದರೆ ಅಂಚಿನದು, ನಡುವಿನದು, ಒಳಗಿನದು 1, 3, 5ರ ಪ್ರಮಾಣದಲ್ಲಿರುತ್ತವೆ. ಅಂಚಿನ ಒಂದು ಪಟ್ಟಿಯಲ್ಲಿರುವುದು ಇಡೀ ಮುಖದ ಹದಿನೆಂಟನೆಯ ಒಂದು ಭಾಗ, ನೂರಕ್ಕೆ ಆರೂ ಇಲ್ಲ. ಸಮವಾಗಿ ಆರು ಬಕೆಟ್ ತೆಗೆದರೆ ಅದು ಆರನೆಯ ಒಂದು ಭಾಗವಾಗಿ ನಿಮ್ಮ ಲಾರಿಗೆ ಬರುತ್ತದೆ, ಅಂದರೆ ಇರಬೇಕಾದುದರ ಮೂರು ಪಟ್ಟು. ದಪ್ಪ ಕಾಳು ಉರುಳಿ ಕೂತಿರುವುದು ಅದೇ ಅಂಚಿನಲ್ಲಿ. ಮೊದಲ ಲಾರಿಗಳು ಒರಟು, ಅಂಚು ಮುಗಿದ ಮೇಲೆ ಬರುವವು ನಯ. ಬೆಳಗ್ಗೆಯೂ ಮಧ್ಯಾಹ್ನವೂ ಒಂದೇ ರಾಶಿಯಿಂದ ಬಂದ ಮರಳು ಬೇರೆ ಬೇರೆ ಯಾಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ಸರಿಯಾದ ಲೆಕ್ಕ ಹದಿನೆಂಟು ಬಕೆಟ್ಟಿನದು: ಎಡ ಅಂಚಿನಿಂದ ಒಂದು, ಪಕ್ಕದ್ದರಿಂದ ಮೂರು, ಒಳಗಿನದರಿಂದ ಐದು, ಮತ್ತೆ ಐದು, ಮೂರು, ಒಂದು. ಇದು 54 ಟನ್, ಮೂರು ಟಿಪ್ಪರ್. ನೇರವಾಗಿ ಲಾರಿಗೆ ತುಂಬಿದರೆ ಮೂರು ಲಾರಿ ಮೂರು ಬಗೆಯಾಗುತ್ತವೆ. ಅದಕ್ಕೇ ಹದಿನೆಂಟನ್ನೂ ಮುಖದಿಂದ ಹದಿನೈದು ಇಪ್ಪತ್ತು ಮೀಟರ್ ಆಚೆ ಒಂದು ಗುಡ್ಡೆ ಹಾಕಿ, ಒಂದು ಸಲ ಪೂರ್ತಿ ಮಗುಚಿ, ಆಮೇಲೆ ತುಂಬಬೇಕು. ಬಕೆಟ್ಟನ್ನು ಗುಡ್ಡೆಯ ನೆತ್ತಿಗೆ ಸುರಿಯದೆ ಉದ್ದಕ್ಕೆ ಹರಡುತ್ತಾ ಸುರಿದರೆ ಇನ್ನೂ ಒಳ್ಳೆಯದು. ಡೀಸೆಲ್ ಹೆಚ್ಚು ಖರ್ಚಾಗುತ್ತದೆ, ಟಿಪ್ಪರ್ ಹೆಚ್ಚು ಹೊತ್ತು ಕಾಯುತ್ತದೆ. ಆ ಖರ್ಚನ್ನು ಬೆಲೆಯಲ್ಲಿ ಸೇರಿಸಿ ಎಂದು ಗಿರಾಕಿಗಳೇ ಹೇಳಬೇಕು. ಮಿಶ್ರಣದ ಹೆಸರಿನಲ್ಲಿ ಹೆಚ್ಚಿನ ದರ ಕೊಡುವುದೇ ಇದಕ್ಕೆ.

ರಾಶಿಯ ಎರಡು ಕೊನೆಗಳ ವಿಷಯ ಬೇರೆ. ಸ್ಟ್ಯಾಕರ್ ಅಲ್ಲಿ ನಿಂತು ತಿರುಗುವಾಗ ಒಂದೆರಡು ಕ್ಷಣ ಹೆಚ್ಚು ಸುರಿಯುತ್ತದೆ, ಮರಳು ಮೂರೂ ಕಡೆಗೆ ಉರುಳುತ್ತದೆ, ಪದರಗಳು ಮುಖಕ್ಕೆ ಅಡ್ಡವಾಗಿ ಕೂರದೆ ಮುಖದ ಜೊತೆಗೇ ಇಳಿಜಾರಾಗಿ ಕೂರುತ್ತವೆ. ಕತ್ತರಿಸಿದರೆ ಕೆಲವೇ ಪದರ ಸಿಗುತ್ತವೆ. ಮೇಲಿನ ಲೆಕ್ಕದ ರಾಶಿಯಲ್ಲಿ ಒಂದೊಂದು ಕೊನೆಗೆ 200 ಟನ್, ಹನ್ನೊಂದು ಟಿಪ್ಪರ್. ಇದನ್ನು ವಾಪಸ್ ಹಾಪರ್‌ಗೆ ಹಾಕಿ ಮುಂದಿನ ರಾಶಿಗೆ ಸೇರಿಸಬೇಕು, ಇಲ್ಲವೇ ಪಾಯ ತುಂಬಲು, ಸೈಜ್ ಕಲ್ಲಿನ ಗೋಡೆಗೆ ಬೇರೆ ದರದಲ್ಲಿ ಮಾರಬೇಕು. ಈ ಯಾರ್ಡಿನಲ್ಲಿ ಶುರುವಿನ ಕೊನೆಯನ್ನು ಹಾಪರ್‌ಗೆ ಹಾಕುತ್ತಾರೆ. ಮುಗಿಯುವ ಕೊನೆಯನ್ನು ಮಾತ್ರ ಉಳಿದ ಮರಳಿನ ಜೊತೆಗೇ ಮಾರಿಬಿಡುತ್ತಾರೆ. ರಾಶಿ ಮುಗಿಯುತ್ತಾ ಬಂದಾಗ ಆರ್ಡರ್ ಕೊಡುವವರು "ಈ ಲೋಡು ರಾಶಿಯ ಎಷ್ಟನೇ ಮೀಟರಿನದು?" ಎಂದು ಕೇಳಬೇಕು. ರಾಶಿಯ ಉದ್ದಕ್ಕೆ ಹತ್ತು ಮೀಟರಿಗೊಂದು ಗೂಟ ನೆಟ್ಟರೆ ಯಾರ್ಡಿನವರಿಗೂ ಉತ್ತರ ಸುಲಭ. ಸದ್ಯಕ್ಕೆ ಗೂಟಗಳಿಲ್ಲ.

ಇನ್ನು ರಾತ್ರಿಯ ಲೋಡಿಂಗ್. ಬೆಳಿಗ್ಗೆ ಸಂಜೆ ಪೀಕ್ ಅವರ್‌ನಲ್ಲಿ ಭಾರಿ ವಾಹನಕ್ಕೆ ನಗರದೊಳಗೆ ಬಿಡುವುದಿಲ್ಲ, ಹಾಗಾಗಿ ಹೆಚ್ಚಿನ ಟಿಪ್ಪರ್‌ಗಳು ಇಲ್ಲಿಂದ ತುಂಬಿಕೊಳ್ಳುವುದು ರಾತ್ರಿ. ಫ್ಲಡ್ ಲೈಟ್ ಇರುವುದು ಹಾಪರ್ ಕಡೆ, ಮುಖದ ಬಲಬದಿ ನೆರಳಿನಲ್ಲಿದೆ. ಲೋಡರ್ ಡ್ರೈವರ್ ಬೆಳಕಿರುವ ಕಡೆಯಿಂದಲೇ ತೆಗೆಯುತ್ತಾ ಹೋದರೆ ಅವರನ್ನು ದೂರುವಂತಿಲ್ಲ. ದೀಪ ಹಾಕದವರದು ತಪ್ಪು. ಬೆಳಗಾಗುವಾಗ ಮುಖ ಓರೆಯಾಗಿ ಕೊರೆದಿರುತ್ತದೆ, ಎಡಗಡೆ ಗುಹೆ, ಬಲಗಡೆ ಮೂಗು. ಅಗೆದ ಗುಹೆಯ ಮೇಲೆ ನಿಂತ ಮರಳು ಕುಸಿದರೆ ಜೀವಕ್ಕೂ ಅಪಾಯ. ಇನ್ನೊಂದು ದೀಪದ ಕಂಬ ನೆಟ್ಟರೆ ಎರಡಕ್ಕೂ ಪರಿಹಾರ.

ನೆಲಕ್ಕೆ ಕಾಂಕ್ರೀಟ್ ಇಲ್ಲ, ಜಲ್ಲಿಪುಡಿ ಹಾಸಿ ರೋಲರ್ ಹೊಡೆದಿದ್ದಾರೆ. ಮಳೆಗಾಲದಲ್ಲಿ ಬಕೆಟ್ ನೆಲಕ್ಕೆ ತಾಗಿದರೆ ಕೆಸರೂ ಬರುತ್ತದೆ. ಅಡಿಯ 15ರಿಂದ 20 ಸೆಂಟಿಮೀಟರ್ ಮರಳನ್ನು ಹಾಸಿಗೆಯಂತೆ ಬಿಟ್ಟೇ ತೆಗೆಯಿರಿ ಎಂದು ಆರ್ಡರ್‌ನಲ್ಲೇ ಬರೆಸಿ. ನೀರು ಇಳಿದು ಕೂರುವುದೂ ಬುಡದಲ್ಲೇ. ಒಂದು ಘನ ಮೀಟರ್ ಕಾಂಕ್ರೀಟಿಗೆ 800 ಕಿಲೋ ಮರಳು ಎಂದರೆ ತೇವಾಂಶದಲ್ಲಿ ನೂರಕ್ಕೆ ಎರಡರ ತಪ್ಪು 16 ಲೀಟರ್ ನೀರಾಗುತ್ತದೆ. 170 ಲೀಟರ್ ನೀರಿನ ಮಿಕ್ಸ್‌ಗೆ ಅದು ಹತ್ತನೆಯ ಒಂದು ಪಾಲಿಗೆ ಹತ್ತಿರ. ಮಿಶ್ರಣ ಕಾಳಿನ ಗಾತ್ರವನ್ನು ಸಮಮಾಡುತ್ತದೆ, ಮಳೆ ನೀರನ್ನು ಸಮಮಾಡುವುದಿಲ್ಲ. ಬಿನ್‌ನಲ್ಲಿ ತೇವ ಅಳೆಯುವುದನ್ನು ಈ ಯಾರ್ಡಿನ ನಂಬಿಕೆಯ ಮೇಲೆ ಬಿಡಬೇಡಿ.

ತೂಕದ ವಿಷಯವೂ ಇದಕ್ಕೇ ಅಂಟಿಕೊಂಡಿದೆ. ಟನ್ ಲೆಕ್ಕದಲ್ಲಿ ಮಾರುತ್ತಾರೆ, ಅದು ಒಳ್ಳೆಯದು. ಹಸಿ ಮರಳು ಉಬ್ಬುವುದರಿಂದ ಸಿಎಫ್‌ಟಿ (ಘನ ಅಡಿ) ಲೆಕ್ಕದಲ್ಲಿ ಕೊಂಡವರಿಗೆ ನಷ್ಟ. ಆದರೆ ತೇವಾಂಶ ಕಳೆಯುವ ಪದ್ಧತಿ ಇಲ್ಲ. 18 ಟನ್ನಿನ ಲೋಡಿನಲ್ಲಿ ತೇವ ನೂರಕ್ಕೆ 2ರಿಂದ 6ಕ್ಕೆ ಏರಿದರೆ 720 ಕಿಲೋ ನೀರಿಗೆ ಮರಳಿನ ದುಡ್ಡು. ನೂರಕ್ಕೆ ಮೂರಕ್ಕಿಂತ ಹೆಚ್ಚಾದದ್ದನ್ನು ಬಿಲ್ಲಿನಲ್ಲಿ ಕಳೆಯಿರಿ ಎಂದು ಖಾಯಂ ಗಿರಾಕಿಗಳು ಒಪ್ಪಂದ ಮಾಡಿಕೊಳ್ಳಬೇಕು.

ಲೋಡಿನ ಜೊತೆ ಜರಡಿ ಪರೀಕ್ಷೆಯ ಚೀಟಿ ಕೊಡುತ್ತಾರೆ. ಮರಳು, ಜಲ್ಲಿಯ ಭಾರತೀಯ ಮಾನಕ ಐಎಸ್ 383ರಲ್ಲಿ ಎರಡನೇ ವಲಯ ಎನ್ನುವ ದರ್ಜೆಯ ಮಿತಿಗಳನ್ನೂ ಪಕ್ಕದಲ್ಲೇ ಅಚ್ಚು ಹಾಕಿಸಿರುವುದರಿಂದ ಓದಲು ಸುಲಭ: 600 ಮೈಕ್ರಾನ್ ಜರಡಿಯಲ್ಲಿ ಇಳಿಯಬೇಕಾದ್ದು ನೂರಕ್ಕೆ 35ರಿಂದ 59, 300 ಮೈಕ್ರಾನ್‌ನಲ್ಲಿ 8ರಿಂದ 30. ಕೊರತೆಯೆಂದರೆ ಆ ಚೀಟಿ ರಾಶಿ ಕಟ್ಟುವಾಗ ಬೆಲ್ಟಿನಿಂದ ತೆಗೆದ ಮಾದರಿಯದು. ಹೊರಡುವ ಲಾರಿಯದಲ್ಲ. ರಾಶಿ ಸರಾಸರಿಯಲ್ಲಿ ಚೆನ್ನಾಗಿದೆ ಎಂಬುದಕ್ಕೆ ಅದು ಸಾಕ್ಷಿ, ನಿಮ್ಮ ಲೋಡು ಆ ಸರಾಸರಿಗೆ ಹತ್ತಿರವಿದೆ ಎಂಬುದಕ್ಕಲ್ಲ.

ಅದನ್ನು ನಿಮ್ಮ ಗೇಟಿನಲ್ಲೇ ನೋಡಿಕೊಳ್ಳಿ. ಒಂದು ದಿನದ ಮೊದಲ, ನಡುವಿನ, ಕೊನೆಯ ಟಿಪ್ಪರ್‌ಗಳಿಂದ ಮಾದರಿ ತೆಗೆಯಿರಿ. ಮೇಲ್ಮೈಯದು ಬೇಡ, ದಾರಿಯ ಕುಲುಕಾಟಕ್ಕೆ ಅದು ಬೇರ್ಪಟ್ಟಿರುತ್ತದೆ. ಐದು ಕಡೆ ಒಂದು ಅಡಿ ಆಳಕ್ಕೆ ತೋಡಿ ತೆಗೆದು, ಗೋಣಿಚೀಲದ ಮೇಲೆ ಕಲೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲನ್ನಷ್ಟೇ ಇಟ್ಟುಕೊಳ್ಳುತ್ತಾ ಅರ್ಧ ಕಿಲೋಗೆ ಇಳಿಸಿ, ಒಣಗಿಸಿ ಜರಡಿ ಹಿಡಿಯಿರಿ. 4.75 ಮಿ.ಮೀ.ನಿಂದ 150 ಮೈಕ್ರಾನ್‌ವರೆಗಿನ ಆರು ಜರಡಿಗಳಲ್ಲಿ ಒಟ್ಟು ಉಳಿದ ಶೇಕಡಾವಾರು 4, 16, 36, 56, 78, 92 ಎಂದಾದರೆ ಕೂಡಿಸಿದಾಗ 282, ನೂರರಿಂದ ಭಾಗಿಸಿದರೆ 2.82. ಫೈನ್‌ನೆಸ್ ಮಾಡ್ಯುಲಸ್ ಎಂದರೆ ಇದೇ. ಮೂರು ಲಾರಿಗಳ ಈ ಅಂಕಿ ನಿಮ್ಮ ಮಿಕ್ಸ್ ಡಿಸೈನ್‌ನ ಅಂಕಿಗಿಂತ 0.20ಕ್ಕಿಂತ ಆಚೀಚೆ ಹೋಗಬಾರದು. ಅಮೆರಿಕದ ಮಾನಕ ಎಎಸ್‌ಟಿಎಂ ಸಿ33 ಇಟ್ಟ ಗೆರೆಯೂ ಇದೇ. ಹೋದರೆ ಲೋಡನ್ನು ವಾಪಸ್ ಕಳಿಸುವ ಮೊದಲು ಯಾರ್ಡಿಗೆ ಫೋನ್ ಮಾಡಿ ಮುಖದ ಯಾವ ಭಾಗದಿಂದ ತುಂಬಿದರೆಂದು ಕೇಳಿ. ಮ್ಯಾನೇಜರ್ ದೂರನ್ನು ತಳ್ಳಿಹಾಕುವವರಲ್ಲ, ಬದಲಿ ಲೋಡು ಕಳಿಸುತ್ತಾರೆ.

ಹೆಚ್ಚಿನ ದರ ಕೊಡುವುದು ಲಾಭವೇ? ಟನ್ನಿಗೆ 60 ರೂಪಾಯಿ ಹೆಚ್ಚು ಎಂದುಕೊಂಡರೆ ಘನ ಮೀಟರ್ ಕಾಂಕ್ರೀಟಿಗೆ 48 ರೂಪಾಯಿ. ಸಿಮೆಂಟ್ ಕಿಲೋಗೆ 7 ರೂಪಾಯಿ ಆದರೆ ಸುಮಾರು ಏಳು ಕಿಲೋ ಸಿಮೆಂಟ್ ಉಳಿಯಬೇಕು. ಎಂ30 ಕಾಂಕ್ರೀಟಿನಲ್ಲಿ (ಚದರ ಮಿ.ಮೀ.ಗೆ 30 ನ್ಯೂಟನ್ ಬಲದ್ದು) ಕ್ಯೂಬ್ ಒಡೆದು ನೋಡಿದ ಬಲದ ಫಲಿತಾಂಶಗಳ ಸ್ಟ್ಯಾಂಡರ್ಡ್ ಡೀವಿಯೇಷನ್ (ಏರುಪೇರಿನ ಅಳತೆ) 5ರಿಂದ 4ಕ್ಕೆ ಇಳಿದರೆ ಗುರಿಯ ಬಲ 38.25ರಿಂದ 36.6ಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಆ ಉಳಿತಾಯ ಸಿಗುವ ಸಾಧ್ಯತೆ ಇದೆ. ಅದಕ್ಕಿಂತ ಕೆಳಗೆ ಇಳಿಸಿ ಪ್ರಯೋಜನವಿಲ್ಲ, ಮಿಕ್ಸ್ ಡಿಸೈನ್‌ನ ಮಾನಕ ಐಎಸ್ 10262 ಎಂ30ಕ್ಕೆ 6.5ರ ಅಂತರವನ್ನು ಹೇಗೂ ಕೇಳುತ್ತದೆ. ಒಂದೆರಡು ವಾರದ ಕ್ಯೂಬ್ ನೋಡಿ ಸಿಮೆಂಟ್ ಕಡಿಮೆ ಮಾಡುವ ಆತುರ ಬೇಡ. ಕಾಂಕ್ರೀಟ್ ಕಟ್ಟಡಗಳ ಮಾನಕ ಐಎಸ್ 456 ಕೇಳುವ 30 ಫಲಿತಾಂಶ ಕೈಗೆ ಬರಲಿ. ದಿನಕ್ಕೆ ಹತ್ತಾರು ಲೋಡು ಬೇಕಾದ ಪ್ಲಾಂಟ್‌ಗೆ ಈ ಲೆಕ್ಕ ಒಪ್ಪುತ್ತದೆ. ಮೂವತ್ತು ನಲವತ್ತರ ಸೈಟಿನಲ್ಲಿ ಒಂದು ಮನೆ ಕಟ್ಟುವವರಿಗೆ ಒಂದೇ ಕ್ರಶರ್‌ನಿಂದ ಎಲ್ಲ ಲೋಡು ತರಿಸುವುದೇ ಅಗ್ಗ. ಗಾರೆಗೆ ಬೇಕಾದ ಪಿ-ಸ್ಯಾಂಡ್ ಇಲ್ಲಿ ಮಿಶ್ರಣ ಮಾಡುವುದಿಲ್ಲ, ಅದಕ್ಕಾಗಿ ಇಲ್ಲಿಗೆ ಹೋಗಬೇಕಾಗಿಲ್ಲ.

ಇತ್ತೀಚೆಗೆ 20 ಮಿ.ಮೀ. ಮತ್ತು 12.5 ಮಿ.ಮೀ. ಜಲ್ಲಿಯನ್ನೂ ಒಟ್ಟಿಗೆ ಸೇರಿಸಿ ಅದೇ ಯಾರ್ಡಿನಲ್ಲಿ ಕೊಡಲು ಶುರುಮಾಡಿದ್ದಾರೆ. ಅದಕ್ಕೆ ಸ್ಟ್ಯಾಕರ್ ಬಳಸುತ್ತಿಲ್ಲ, ಎರಡೂ ಟಿಪ್ಪರ್‌ಗಳನ್ನು ಒಂದೇ ಕಡೆ ಸುರಿದು ಲೋಡರ್‌ನಿಂದ ಎತ್ತರಕ್ಕೆ ತಳ್ಳಿ ಶಂಕು ಕಟ್ಟುತ್ತಾರೆ. ಬುಡದ ಸುತ್ತ ಬರೀ 20, ನಡುವೆ ಬರೀ 12.5, ಹತ್ತು ಹೆಜ್ಜೆ ದೂರದಿಂದಲೇ ಬಣ್ಣದ ಉಂಗುರದಂತೆ ಕಾಣುತ್ತದೆ. ಅದನ್ನು ಕೊಳ್ಳಬೇಡಿ. ಎರಡು ಗಾತ್ರದ ಜಲ್ಲಿಯನ್ನು ಬೇರೆ ಬೇರೆಯಾಗಿಯೇ ತರಿಸಿ, ಬೇರೆ ಬೇರೆ ಬಿನ್‌ಗೆ ಹಾಕಿ, ಬ್ಯಾಚರ್‌ನಲ್ಲಿ ತೂಕ ಮಾಡಿ ಸೇರಿಸಿ.